ಐವತ್ತೇಳನ್ನು ನಲವತ್ತಮೂರು ಸೋಲಿಸಿದ ಬಗ್ಗೆ

ನಮ್ಮ ಕ್ಷೇತ್ರದ ರಾಜ್ಯ ಸೆನೆಟರ್ ಮಾನ್ಯ ಹಾರ್ಲನ್ ಪ್ರೂಯಿಟ್ ಅವರಿಗೆ,

ಮಾನ್ಯರೇ,

ಆಲ್ಡರ್‌ಫರ್ಡ್ ಊರಿನ ಮತದಾರಳಾದ ಲೊರೇನ್ ಟಾಕೆಟ್ ಮಾಡುವ ಗೌರವಪೂರ್ವಕ ವಂದನೆಗಳು. ಕಳೆದ ನವೆಂಬರಿನಲ್ಲಿ ಟಿವಿಯಲ್ಲಿ ತಮ್ಮ ವಿಜಯಭಾಷಣ ಕೇಳಿದ್ದೆ. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೇ ಎಂದು ಮತಪತ್ರದಲ್ಲಿ ಕೇಳಿದ್ದ ಪ್ರಶ್ನೆಯನ್ನು 'ಜನ ಸಾರಾಸಗಟಾಗಿ ತಿರಸ್ಕರಿಸಿದ್ದಾರೆ' ಎಂದು ತಾವು ಸಾರಿ, ನಮಗೆಲ್ಲ ಧನ್ಯವಾದ ಹೇಳಿದಿರಿ. ನೂರಕ್ಕೆ ಐವತ್ತೇಳು ಮಂದಿ 'ಹೌದು' ಎಂದು ಗುರುತು ಮಾಡಿ ಬಂದಿದ್ದೆವು. ಅದನ್ನು ತಿರಸ್ಕಾರವೆಂದು ಓದಬಲ್ಲ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಇಂಥ ಪ್ರಶ್ನೆ ಗೆಲ್ಲಲು ನೂರಕ್ಕೆ ಅರವತ್ತು ಮತ ಬೇಕೆಂಬ ನಿಯಮ ತಮ್ಮದೇ ಕೊಡುಗೆ. ಆ ನಿಯಮವೇ ಐವತ್ತೈದರಲ್ಲಿ ಪಾಸಾಗಿತ್ತೆಂದೂ, ಈ ಸಲ ಅದೇ ಮತಪತ್ರದ ಇನ್ನೊಂದು ಮಗ್ಗುಲಲ್ಲಿ ತಾವು ಐವತ್ತೊಂದರಲ್ಲಿ ಆರಿಸಿ ಬಂದಿರೆಂದೂ ಕೆಲವರು ಎತ್ತಿ ಆಡುತ್ತಿದ್ದಾರೆ. ನಾನು ಆ ಗುಂಪಿನವಳಲ್ಲ. ಸೆನೆಟರ್ ಆಗುವುದು ಸಣ್ಣ ಕೆಲಸ, ಐವತ್ತೊಂದು ಸಾಕು. ಹೆಂಗಸು ತನ್ನ ದೇಹವನ್ನು ತಾನೇ ನೋಡಿಕೊಳ್ಳುವುದು ಅದಕ್ಕಿಂತ ಜವಾಬ್ದಾರಿಯ ಹುದ್ದೆ ಎಂದು ತಾವು ಒಪ್ಪಿಕೊಂಡಿದ್ದೀರಿ ಎಂದೇ ನಾನು ತಿಳಿದಿದ್ದೇನೆ.

ತಮ್ಮ ಮೇಲಿನ ಅಭಿಮಾನದಿಂದ ಜನವರಿಯಲ್ಲಿ ನಮ್ಮ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ನಡೆದ ಚಿಲಿ ಅಡುಗೆ ಪಂದ್ಯಕ್ಕೂ ಇದೇ ನಿಯಮ ಹಾಕಿಸಿದೆ. ಡ್ಯಾರೆಲ್ ಸ್ಟೂಪ್ಸ್ ಮಾಡಿದ ಮಾಂಸ-ಬೀನ್ಸಿನ ಚಿಲಿಗೆ ನೂರಕ್ಕೆ ಐವತ್ತಾರು ಮತ ಬಿದ್ದವು. ಅರವತ್ತು ಆಗದ ಕಾರಣ ಹೊಸ ಗೆಲುವು ಊರ್ಜಿತವಾಗದೆ, ಮೊದಲ ಬಹುಮಾನದ ನೀಲಿ ರಿಬ್ಬನ್ನು ಹಿಂದಿನ ವರ್ಷದ ವಿಜೇತ ಫ್ಲಾಯ್ಡ್ ಯಾನ್ಸಿ ಬಳಿಯೇ ಉಳಿಯಿತು. ಫ್ಲಾಯ್ಡ್ ಆಗಸ್ಟಿನಲ್ಲೇ ತೀರಿಕೊಂಡಿದ್ದ.

"ಅಲ್ರೀ, ಸತ್ತೋನ ಕೈಲಿ ಸೋತ್ನಾ ನಾನು?" ಎಂದು ಡ್ಯಾರೆಲ್ ಸೌಟು ಹಿಡಿದೇ ಕೂಗಾಡಿದ. "ಅವನು ಈ ವರ್ಷ ಒಲೇನೇ ಹಚ್ಚಿಲ್ವಲ್ರೀ!"

"ಅದಕ್ಕೇ ಕಣಯ್ಯಾ ಅವನ ಚಿಲೀಲಿ ಉಪ್ಪು ಜಾಸ್ತಿ ಆಗಿಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ಫ್ಲಾಯ್ಡನ ಹೆಂಡತಿ ಓಪಲ್ ಎದ್ದು ಬಂದು ರಿಬ್ಬನ್ ತೆಗೆದುಕೊಂಡು, "ಬದುಕಿದ್ದಾಗ ನಮ್ಮನೆಯೋರು ಇಷ್ಟು ಸುಲಭವಾಗಿ ಯಾವತ್ತೂ ಗೆದ್ದಿರ್ಲಿಲ್ಲ" ಎಂದರು. ಸಭಾಂಗಣವೆಲ್ಲ ನಕ್ಕಿತು. ನಾನೂ ನಕ್ಕೆ.

ಫೆಬ್ರವರಿಯಲ್ಲಿ ಐದು ತಿಂಗಳ ಬಸುರಿಯಾಗಿದ್ದ ನನ್ನ ಮಗಳು ನಡೀನಳಿಗೆ ಗರ್ಭದ ನೀರು ಒಡೆದುಹೋಯಿತು. ಮಗು ಉಳಿಯುವುದಿಲ್ಲ ಎಂದು ಇಲ್ಲಿನ ಆಸ್ಪತ್ರೆಯ ವೈದ್ಯೆ ಸ್ಪಷ್ಟವಾಗಿಯೇ ಹೇಳಿದರು. ಆದರೆ ಮಗುವಿನ ಎದೆಬಡಿತ ಇನ್ನೂ ಇದ್ದುದರಿಂದ ಬಸಿರು ತೆಗೆಯಲು ಕಾನೂನು ಬಿಡುವುದಿಲ್ಲ, ಬಿಟ್ಟರೂ ಈಗಲೇ ಅಲ್ಲ ಎಂದರು. ನಡೀನಳ ಗಂಡ ಕೋಡಿ ನವೆಂಬರಿನಲ್ಲಿ 'ಬೇಡ' ಎಂದು ಮತ ಹಾಕಿದವನು. ತಾಯಿಯ ಜೀವಕ್ಕೆ ಅಪಾಯವಾದರೆ ಕಾನೂನು ಅಡ್ಡ ಬರುವುದಿಲ್ಲ ಎಂದು ತಮ್ಮ ಕರಪತ್ರದಲ್ಲಿ ಓದಿ, ನಂಬಿದ್ದ.

"ಡಾಕ್ಟ್ರೇ, ಇದು ಅಪಾಯ ಅಲ್ವಾ?" ಎಂದು ಅವನು ಕೇಳಿದ.

"ಅಪಾಯ ಆಗೋ ಹಾದೀಲಿದೆ. ಇನ್ನೂ ಆಗಿಲ್ಲ. ಜ್ವರ ಬಂದ ತಕ್ಷಣ ಕರ್ಕೊಂಡ್ ಬನ್ನಿ" ಎಂದರು ಆಕೆ. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ನಾವು ಆಸ್ಪತ್ರೆಯ ಎದುರಿಗೇ ಕಾರು ನಿಲ್ಲಿಸಿಕೊಂಡು ಜ್ವರಕ್ಕಾಗಿ ಕಾದೆವು. ಹಿಂದಿನ ಸೀಟಿನಲ್ಲಿ ಮಲಗಿದ್ದ ನಡೀನ್, "ಅಮ್ಮಾ, ಬೇಗ ಬರ್ಲಿ ಅಂತ ಬೇಡ್ಕೊಳ್ಲಾ, ಬರ್ದೇ ಇರ್ಲಿ ಅಂತ ಬೇಡ್ಕೊಳ್ಲಾ?" ಎಂದು ಕೇಳಿದಳು. ಕೋಡಿ ಗಾಡಿ ಚಾಲೂ ಮಾಡಿ, ಗಡಿ ದಾಟಿಸಿ ಇಂಥ ಕಾನೂನಿಲ್ಲದ ಪಕ್ಕದ ರಾಜ್ಯಕ್ಕೆ ಓಡಿಸಿದ. ಅಲ್ಲಿ ತಲುಪುವಷ್ಟರಲ್ಲಿ ಅವಳ ಮೈ ಕೆಂಡವಾಗಿತ್ತು. ಅಲ್ಲಿನ ನರ್ಸ್ ಕಾರಿನ ನಂಬರು ಹಲಗೆ ನೋಡಿ, "ಓ, ಆ ಕಡೆಯೋರಾ" ಎಂದಷ್ಟೇ ಹೇಳಿ ಗಾಲಿಕುರ್ಚಿ ತಂದಳು. ಮಗಳು ಉಳಿದಳು.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ವಿನಂತಿ ಏನೆಂದರೆ, ಗರ್ಭದ ನೀರು ಒಡೆದ ಹೆಂಗಸಿಗೆ ಜ್ವರವು ತಡಮಾಡದೆ ಬರತಕ್ಕದ್ದು ಎಂದು ಮುಂದಿನ ಅಧಿವೇಶನದಲ್ಲಿ ತಾವು ಒಂದು ಮಸೂದೆ ತರಬೇಕು, ತಡವಾಗಿ ಬಂದ ಜ್ವರಕ್ಕೆ ದಂಡ ವಿಧಿಸಬೇಕು. ಅದು ಕಷ್ಟವಾದರೆ ರಾಜ್ಯದ ಗಡಿಯನ್ನಾದರೂ ನಮ್ಮ ಆಸ್ಪತ್ರೆಯ ಗೇಟಿನ ತನಕ ಎಳೆದು ತರಿಸಬೇಕು. ಚುನಾವಣಾ ಕ್ಷೇತ್ರಗಳ ಗೆರೆಯನ್ನು ಬೇಕಾದ ಹಾಗೆ ಬಳುಕಿಸಿದ ಅನುಭವ ತಮಗಿದೆ. ಅರವತ್ತಕ್ಕೆ ಕಡಿಮೆ ಬಿದ್ದ ಆ ಮೂರರ ಪೈಕಿ ಕೋಡಿ ತನ್ನದೊಂದನ್ನು ಈಗ ಕೊಡಲು ಸಿದ್ಧನಿದ್ದಾನೆ. ತಡವಾದ ಮತವನ್ನು ಯಾವ ಕಿಟಕಿಯಲ್ಲಿ ತೆಗೆದುಕೊಳ್ಳುತ್ತಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಐವತ್ತೇಳರಲ್ಲಿ ಒಬ್ಬಳಾದ
ತಮ್ಮ ವಿಶ್ವಾಸಿ,
ಲೊರೇನ್ ಟಾಕೆಟ್

ಮರೆತ ಮಾತು: 'ಕುಟುಂಬಗಳ ತವರು, ನಮ್ಮ ರಾಜ್ಯ' ಎಂದು ಅಚ್ಚು ಹಾಕಿಸಿ ತಮ್ಮ ಕಚೇರಿ ಕಳಿಸಿದ ಕ್ಯಾಲೆಂಡರ್ ನಡೀನಳ ಮನೆಯಿಂದ ವಾಪಸು ಬಂದರೆ ದಯವಿಟ್ಟು ಅಂಚೆಯವರನ್ನು ಬೈಯಬೇಡಿ. ಆ ಮನೆ ಖಾಲಿಯಾಗಿದೆ. ಅವಳೂ ಕೋಡಿಯೂ ಕಳೆದ ವಾರ ಸಾಮಾನು ಕಟ್ಟಿಕೊಂಡು ಗಡಿಯಾಚೆಗೆ ಹೋದರು. ತಮ್ಮ ಮೇಲೆ ಅವರಿಗೆ ಸಿಟ್ಟೇನೂ ಇಲ್ಲ. ಅವರಿಗೆ ಇನ್ನೊಂದು ಮಗು ಬೇಕಾಗಿದೆ, ಅಷ್ಟೇ.