ನನ್ನ ಮಂಡಿಯ ಮೇಲಿನ ಆರೋಪವನ್ನು ಕೈಬಿಡುವ ಬಗ್ಗೆ

ಇಂದ:
ಅಮ್ಮ (ಸೊಸೆಗೆ ಅತ್ತೆ, ಮೊಮ್ಮಗಳಿಗೆ ಅಜ್ಜಿ),
ನಿವೃತ್ತ ಹಿರಿಯ ಗುಮಾಸ್ತೆ, ನೀರು ಸರಬರಾಜು ಕಚೇರಿ,
ಮೂರನೇ ಮಹಡಿ, ಬಾಲ್ಕನಿ ಪಕ್ಕದ ಕೋಣೆ.

ಗೆ:
ಮನೆಯ ಯಜಮಾನರು (ಅರ್ಜಿದಾರಳ ಏಕಮಾತ್ರ ಪುತ್ರ),
ಅದೇ ಮಹಡಿ, ಟಿ.ವಿ. ಇರುವ ಕೋಣೆ.

ವಿಷಯ: ವಿದೇಶ ಪ್ರವಾಸದಿಂದ ನನ್ನನ್ನು ಕೈಬಿಡಲು ನೀಡಲಾಗಿರುವ ಕಾರಣವನ್ನು ಹಿಂಪಡೆಯುವ ಕುರಿತು.

ಉಲ್ಲೇಖ:
1) ಕಳೆದ ವರ್ಷ ತಮಗೆ ಬಡ್ತಿ ಸಿಕ್ಕ ಸಂಜೆ ತಾವು ಹೊರಡಿಸಿದ ಮೌಖಿಕ ಆದೇಶ: "ಅಮ್ಮ, ಮುಂದಿನ ವರ್ಷ ನಾಲ್ಕೂ ಜನ ಹಿಮ ನೋಡೋಕೆ ಹೋಗ್ತಿದೀವಿ."
2) ಕಳೆದ ಭಾನುವಾರ ನನ್ನ ಮುಖ ನೋಡದೆ, ಟಿ.ವಿ. ರಿಮೋಟನ್ನೇ ನೋಡುತ್ತಾ ಹೊರಡಿಸಿದ ಮೌಖಿಕ ಆದೇಶ: "ನಿನ್ನ ಮಂಡಿಗೆ ಅಷ್ಟು ದೂರ ಆಗಲ್ಲಮ್ಮ. ನಾವು ಮೂರು ಜನ ಹೋಗಿ ಬರ್ತೀವಿ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹೆತ್ತ ತಾಯಿ ತಮ್ಮನ್ನು 'ತಾವು' ಎನ್ನುತ್ತಿರುವುದಕ್ಕೆ ತಾವು ಗಾಬರಿಯಾಗಬೇಕಾಗಿಲ್ಲ. ಬಾಯಲ್ಲಿ ಹೇಳಲು ಹೋದರೆ ನಾನು ಬೈಯುತ್ತೇನೆ, ಇಲ್ಲವೇ ಅಳುತ್ತೇನೆ. ಎರಡರಿಂದಲೂ ಈ ಮನೆಯಲ್ಲಿ ಯಾವ ವಿಷಯವೂ ಇತ್ಯರ್ಥವಾದ ಉದಾಹರಣೆ ಇಲ್ಲ. ಆದಕಾರಣ ಲಿಖಿತವಾಗಿ ಈ ಕೆಳಗಿನಂತೆ:

1. ಉಲ್ಲೇಖ ಒಂದರ ಆದೇಶವಾದ ಮೇಲೆ ಬೆಲೆಗಳು ಏರಿದವು. ಇದು ತಮ್ಮ ತಪ್ಪಲ್ಲ. ವಿಮಾನದ ಟಿಕೆಟ್ ಏರಿತು, ಅಲ್ಲಿಯ ಹಣದ ಬೆಲೆ ಏರಿತು, ಹೋಟೆಲ್ ಏರಿತು, ವೀಸಾ ಶುಲ್ಕ ತಾನೇನು ಕಡಿಮೆ ಎಂದು ಅದೂ ಏರಿತು. ಏರದೇ ಉಳಿದದ್ದು ತಮ್ಮ ಸಂಬಳವೊಂದೇ. ಅದರಂತೆ ಪ್ರವಾಸವೂ ಹಂತ ಹಂತವಾಗಿ ಕುಗ್ಗಿತು. ಹದಿನೈದು ದಿನ ವಾರವಾಯಿತು. ಎರಡು ಕೋಣೆ ಒಂದಾಯಿತು. ಬೆಳಗಿನ ತಿಂಡಿ ಹೋಟೆಲಿನದ್ದು, ಮಧ್ಯಾಹ್ನದ್ದು ಬೆಳಗಿನ ತಿಂಡಿಯಿಂದಲೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದದ್ದು ಎಂದು ಸೊಸೆ ಸೂಚಿಸಿದಾಗ ಮೊಮ್ಮಗಳು "ಅಮ್ಮ, ಮರ್ಯಾದೆ ಪ್ರಶ್ನೆ" ಎಂದಳು. "ಮರ್ಯಾದೆ ಇಲ್ಲೇ ಬಿಟ್ಟು ಹೋಗೋಣ, ಲಗೇಜ್ ಹಗುರ ಆಗುತ್ತೆ" ಎಂದು ಸೊಸೆ ಉತ್ತರಿಸಿದಳು. ಆ ದಿನ ನಾವು ನಾಲ್ವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಗ ಇನ್ನೂ ನಾಲ್ವರಿದ್ದೆವು.

2. ಆನಂತರ ಪ್ರಯಾಣ ವಿಮೆಯ ವಿಷಯ ಬಂತು. ಎಪ್ಪತ್ತು ದಾಟಿದವರ ವಿಮೆಗೆ ಉಳಿದ ಮೂವರದ್ದು ಸೇರಿಸಿದರೂ ಸಾಲದು ಎಂದು ಏಜೆಂಟರು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು, ಏಕೆಂದರೆ ತಾವು ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಕೊಂಡು ಊರಿಗೆಲ್ಲ ಕೇಳುವಂತೆ ಮಾತನಾಡುತ್ತೀರಿ. ಅಂದರೆ ಈ ಮನೆಯಲ್ಲಿ ಅತ್ಯಂತ ದುಬಾರಿ ಪ್ರಯಾಣಿಕಳು ನಾನೇ. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಇಂಥ ಬೆಲೆ ಬಂದಿತ್ತು. ಎರಡು ದಿನ ತಾವು ಲೆಕ್ಕದ ಹಾಳೆ ಹಿಡಿದು ಕೂತಿರಿ. ಮೂರನೆಯ ದಿನ ನನ್ನ ಮಂಡಿ ಕೆಟ್ಟಿತು.

3. ಮಂಡಿ ಕೆಟ್ಟಿದೆ ಎಂಬುದಕ್ಕೆ ತಾವು ಒದಗಿಸಿದ ಸಾಕ್ಷ್ಯ ಒಂದೇ: ನಾನು ಸೋಫಾದಿಂದ ಏಳುವಾಗ "ಅಯ್ಯಯ್ಯೋ" ಎಂದದ್ದು. ಎಂದದ್ದು ನಿಜ. ಆದರೆ ಆ ಕ್ಷಣದಲ್ಲಿ ಮೊಮ್ಮಗಳು ತನ್ನ ಮೊಬೈಲನ್ನು ನನ್ನ ಕಣ್ಣ ಮುಂದೆ ಹಿಡಿದು ಅಂದಿನ ಟಿಕೆಟ್ ದರ ತೋರಿಸಿದ್ದಳು. ಆ ದರವನ್ನು ಕಂಡು ಯಾವ ಮಂಡಿಯವರಾದರೂ ಹಾಗೆಯೇ ಎನ್ನುತ್ತಿದ್ದರು. ಈ ಬಗ್ಗೆ ಆಕೆಯನ್ನು ವಿಚಾರಿಸಬಹುದು.

4. ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ತಾವು ಪರಿಗಣಿಸಿಲ್ಲ. ಚಳಿಗಾಲದಿಂದಲೂ ನಾನು ಮೊಮ್ಮಗಳ ಹಳೆಯ ಸೂಟ್‌ಕೇಸಿಗೆ ದಪ್ಪ ದಪ್ಪ ಪುಸ್ತಕ ತುಂಬಿಕೊಂಡು ತಾರಸಿಯ ಮೇಲೆ ಎಳೆದಾಡಿ ಅಭ್ಯಾಸ ಮಾಡುತ್ತಿದ್ದೆ. ವಿಮಾನ ನಿಲ್ದಾಣದಲ್ಲಿ ಬಹಳ ನಡೆಯಬೇಕಾಗುತ್ತದೆಂದು ಯಾರೋ ಹೇಳಿದ್ದರು. ಅಲ್ಲಿ ತಮ್ಮ ಕೈಗೆ ಭಾರವಾಗಬಾರದೆಂಬುದು ನನ್ನ ಉದ್ದೇಶ. ಸೂಟ್‌ಕೇಸಿನ ಒಂದು ಗಾಲಿ ಸವೆದು ಕರಕರ ಸದ್ದು ಮಾಡುವುದರಿಂದ ಎರಡನೇ ಮಹಡಿಯ ದರ್ಜಿ ಖುದ್ದು ಮೇಲೆ ಬಂದು, "ಅಮ್ಮಾವ್ರೇ, ಮೇಲೇನು ಮಿಲ್ಲು ಹಾಕಿದೀರಾ?" ಎಂದು ದೂರು ನೀಡಿರುತ್ತಾರೆ. ಹೀಗಿರುವಾಗ ಮಂಡಿ ಕೆಟ್ಟವಳು ಎಂಬ ಮಾತು ಹೇಗೆ ನಿಲ್ಲುತ್ತದೆ?

5. ಆದೇಶದ ತರುವಾಯದ ಪರಿಣಾಮಗಳು: ಸುಳ್ಳನ್ನು ನಿಜವೆನಿಸಲು ತಾವು ಔಷಧ ಅಂಗಡಿಯಿಂದ ಎರಡು ಮಂಡಿಪಟ್ಟಿ ತಂದಿರಿ. ಸೊಸೆ ತರಕಾರಿ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು, "ಕೂತ್ಕೊಳ್ಳಿ ಅತ್ತೆ, ನಾನಿದೀನಲ್ಲ" ಎಂದಳು. ದರ್ಜಿಯೂ ಈಗ ಮಿಲ್ಲಿನ ಮಾತು ಬಿಟ್ಟು ಮರುಕದ ದನಿಯಲ್ಲಿ "ಮಂಡಿ ಹೇಗಿದೆಯಮ್ಮ?" ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಮೊದಲಿನ ಜಗಳವೇ ಎಷ್ಟೋ ವಾಸಿಯಾಗಿತ್ತು.

6. ನಾನು ಕೆಲಸ ಮಾಡಿದ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಕೆರೆ ಬತ್ತಿ ನಲ್ಲಿಗೆ ನೀರು ಬಿಡಲಾಗದ ದಿನ, "ನೀರಿಲ್ಲ" ಎಂದು ಕಿಟಕಿಯಲ್ಲಿ ಹೇಳಕೂಡದು. "ಪೈಪು ದುರಸ್ತಿಯಲ್ಲಿದೆ" ಎನ್ನಬೇಕು. ಸಾಹೇಬರ ಪ್ರಕಾರ ಅದರಲ್ಲಿ ಸಾರ್ವಜನಿಕರಿಗೆ ಗೌರವವಿತ್ತು. ಆದರೆ ನಡೆಯುತ್ತಿದ್ದುದೇ ಬೇರೆ. ನೀರಿಲ್ಲ ಎಂದಿದ್ದರೆ ಜನ ನಮ್ಮನ್ನು ಬೈದು ಮನೆಗೆ ಹೋಗಿ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಪೈಪು ಎಂದದ್ದರಿಂದ ಖಾಲಿ ಬಕೆಟ್ ಹಿಡಿದು ಸಂಜೆಯವರೆಗೆ ಅಲ್ಲೇ ಕಾಯುತ್ತಿದ್ದರು. ಮನೆಯಲ್ಲಿ ಹಣದ ಬದಲು ಮಂಡಿಯ ಮಾತು ಬಂದಾಗ ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

7. ಈ ಮುಂದಿನ ಅಂಶವು ನನ್ನ ಅರ್ಜಿಯನ್ನೇ ದುರ್ಬಲಗೊಳಿಸುತ್ತದೆ. ಆದರೂ ಮುಚ್ಚಿಡುವುದು ಸರಿಯಲ್ಲವಾದ ಕಾರಣ ದಾಖಲಿಸುತ್ತಿದ್ದೇನೆ. ಬುಧವಾರ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅಡುಗೆಮನೆಯ ಕಿಟಕಿ ತೆರೆದಿತ್ತು.

ಸೊಸೆ: "ಪಾಪ, ಅತ್ತೆಗೆ ನಿಜ ಹೇಳಿಬಿಡೋಣ ರೀ. ನಂಗ್ಯಾಕೋ ಗಂಟಲಲ್ಲಿ ತುತ್ತು ಇಳೀತಿಲ್ಲ."

ತಾವು: "ದುಡ್ಡು ಸಾಲಲ್ಲ ಅಂತ ಹೇಳಿದ್ರೆ ಅವ್ಳು ಸುಮ್ನಿರ್ತಾಳಾ? ನಾಳೇನೇ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸ್ಕೊಂಡು ಬಂದು ಟೇಬಲ್ ಮೇಲೆ ಇಡ್ತಾಳೆ. ನಾಳೆ ಆಸ್ಪತ್ರೆ ಗೀಸ್ಪತ್ರೆ ಅಂದ್ರೆ ಅವ್ಳ ಹತ್ರ ಏನಿರುತ್ತೆ? ಮಗಳು ಕಾಲೇಜಿಗೆ ಸೇರಿದ್ರೆ ಆಮೇಲೆ ರಜಾನೇ ಸಿಗಲ್ಲ. ಮಗಳನ್ನೂ ಕರ್ಕೊಂಡು ಹೋಗೋಕಾಗ್ಲಿಲ್ಲ ಅಂದ್ರೆ ನಾನೆಂಥ ಅಪ್ಪ? ಅಮ್ಮನ್ನ ಬಿಟ್ಟು ಹೋದ್ರೆ ಎಂಥ ಮಗ? ನೀನೇ ಹೇಳು."

ನಾನು ಒದ್ದೆ ಟವೆಲನ್ನೇ ಮುಖಕ್ಕೆ ಒತ್ತಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ತಾವು ಹೇಳಿದ್ದು ನೂರಕ್ಕೆ ನೂರು ನಿಜ. ಠೇವಣಿಯನ್ನು ನಾನು ಮುರಿಸಿಯೇ ಮುರಿಸುತ್ತಿದ್ದೆ.

8. ಹಾಗಾದರೆ ಎಲ್ಲವನ್ನೂ ತಿಳಿದೂ ಸುಮ್ಮನಿರಬಾರದಿತ್ತೇ ಎಂದು ತಾವು ಕೇಳಬಹುದು. ಇರಬೇಕೆಂದೇ ಇದ್ದೆ. ಆದರೆ ನಿನ್ನೆ ಹಾಲು ತರಲು ಮೆಟ್ಟಿಲು ಇಳಿಯುವಾಗ ನಾನು ಗೋಡೆ ಹಿಡಿದುಕೊಂಡಿದ್ದೆ. ನೋವಿರಲಿಲ್ಲ, ಕತ್ತಲಿರಲಿಲ್ಲ, ಮೆಟ್ಟಿಲು ಒದ್ದೆಯಾಗಿರಲಿಲ್ಲ. ಕೈ ತಾನಾಗಿಯೇ ಗೋಡೆಗೆ ಹೋಗಿತ್ತು. ಎದುರಿಗೆ ಬಂದ ದರ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನೂ ಬೇಡವೆನ್ನದೆ ಆ ದಾರಿಯಲ್ಲಿ ನಿಧಾನವಾಗಿ ಇಳಿದೆ. ಎಲ್ಲರೂ ಸೇರಿ ಮುದುಕಿ ಎಂದರೆ ಮನುಷ್ಯ ಎಷ್ಟು ದಿನ ಅಲ್ಲವೆಂದು ವಾದಿಸಿಯಾನು? ನನಗೆ ಹೆದರಿಕೆಯಾಗಿದೆ. ಅರ್ಜಿಯ ತುರ್ತು ಇಷ್ಟೇ.

9. ಹಿಮ ನೋಡಬೇಕೆಂಬ ಆಸೆ ನನಗೆ ಬಹಳವಿದೆ. ಅದನ್ನು ಅಡಗಿಸಿ 'ನನಗೇನೂ ಬೇಕಿರಲಿಲ್ಲ ಬಿಡು' ಎಂದು ದೊಡ್ಡತನ ತೋರಿಸುವ ಉದ್ದೇಶ ಇಲ್ಲ. ದರ ಇಳಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ತಾವು ಹೇಳುವಿರಾದರೆ, ದರಗಳು ಇಳಿಯುವವರೆಗೆ ನನ್ನನ್ನು ಇದೇ ಸ್ಥಿತಿಯಲ್ಲಿ ಕಾಯ್ದಿರಿಸಲು ಸಾಧ್ಯವಿಲ್ಲವೆಂದು ವಿನಮ್ರವಾಗಿ ತಿಳಿಸುತ್ತೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ:

ಅ) ಮಂಡಿಯ ಮೇಲಿನ ಆರೋಪವನ್ನು ಈ ಕೂಡಲೇ ಕೈಬಿಡತಕ್ಕದ್ದು.

ಆ) ಇಂದು ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ, ಮೊಮ್ಮಗಳ ಎದುರಿನಲ್ಲೇ, ರಿಮೋಟನ್ನು ಕೆಳಗಿಟ್ಟು, "ಅಮ್ಮ, ದುಡ್ಡು ಸಾಲ್ತಿಲ್ಲ" ಎಂದು ಹೇಳತಕ್ಕದ್ದು. ಈ ಮಾತನ್ನು ನಾನು ತಮ್ಮ ತಂದೆಯವರಿಂದ ತಿಂಗಳಿಗೊಮ್ಮೆ ಕೇಳಿದ್ದೇನೆ, ತಮ್ಮ ಶಾಲಾ ಪ್ರವಾಸದ ದಿನ ತಮಗೂ ಹೇಳಿದ್ದೇನೆ. ತಾವು ಒಂದು ಗಂಟೆ ಅತ್ತು, ಆಮೇಲೆ ಬೀದಿಗೆ ಆಡಲು ಓಡಿದಿರಿ. ನಾನೂ ಅಷ್ಟೇ ಮಾಡುತ್ತೇನೆ. ಬೀದಿಯ ಬಗ್ಗೆ ಮಾತ್ರ ಭರವಸೆ ಕೊಡಲಾರೆ.

ಇ) ಹಾಗೆ ಹೇಳಿದಲ್ಲಿ, ಠೇವಣಿ ಮುರಿಸುವುದಿಲ್ಲವೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ. ಸಿಟ್ಟು ಒಂದು ವಾರ ಇರುತ್ತದೆ. ಅದು ಇಳಿದ ಮೇಲೆ ಮೂವರ ಪೆಟ್ಟಿಗೆಗಳನ್ನೂ ನಾನೇ ಜೋಡಿಸಿಕೊಡುತ್ತೇನೆ, ಏಕೆಂದರೆ ತಮಗೆ ಒಂದು ಅಂಗಿ ಮಡಚಲೂ ಬರುವುದಿಲ್ಲ.

ಇಂತಿ,
ತಮ್ಮ ವಿಶ್ವಾಸಿ, ಸದ್ಯಕ್ಕೆ ಮುನಿಸಿಕೊಂಡಿರುವ,
ಅಮ್ಮ

ಲಗತ್ತುಗಳು:
1) ಮಂಡಿಪಟ್ಟಿ, ಒಂದು ಜೊತೆ (ಬಳಸಿಲ್ಲ, ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ, ವಿಚಾರಿಸಿದ್ದೇನೆ).
2) ಮೊಮ್ಮಗಳ ಹೇಳಿಕೆ, "ಅಯ್ಯಯ್ಯೋ" ಕುರಿತು, ಸಹಿ ಸಮೇತ.

ಪ್ರತಿ: ಸೊಸೆಗೆ, ಮಾಹಿತಿಗಾಗಿ. ತುತ್ತು ಇಳಿಯಲಿ.

ವಿಶೇಷ ಸೂಚನೆ: ಆದೇಶ ಹೊರಬೀಳುವವರೆಗೆ ಕಾಯದೆ ಜಾರಿಗೆ ತರಬೇಕಾದದ್ದು ಒಂದಿದೆ. ಇಂದು ನಾನು ಊಟಕ್ಕೆ ಎದ್ದು ಬರುವಾಗ ದಯವಿಟ್ಟು ಯಾರೂ ಕೈ ಕೊಡಬಾರದು.