ಎದುರಿನವರು ಏನೇ ಮಾಡಲಿ

ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸೆಂಟರಿನಲ್ಲಿ ಕನ್ನಡ ಬ್ಯಾಚಿಗೆ ಅರ್ಥಶಾಸ್ತ್ರ ಕಲಿಸ್ತೀನಿ. ಅದರಲ್ಲಿ ‘ಪ್ರಬಲ ತಂತ್ರ’ ಅಂತ ಒಂದು ಪಾಠ. ಎದುರಿನವರು ಏನೇ ಮಾಡಲಿ, ನನಗೆ ಯಾವುದು ಲಾಭವೋ ಅದೇ ನನ್ನ ಪ್ರಬಲ ತಂತ್ರ. ಇಷ್ಟೇ. ಇದನ್ನು ಎಲ್ಲರ ತಲೆಗೂ ಹಾಕಿಯೇ ಸೈ ಅಂತ ನಾನು ಹಟ ಹಿಡಿದಾಗಲೆಲ್ಲ ಏನಾದರೊಂದು ಆಗುತ್ತೆ.

೧. ಬಿರಿಯಾನಿ ಹೋಟೆಲು

ಬೋರ್ಡಿನ ಮೇಲೆ ನಾಲ್ಕು ಮನೆಯ ಕೋಷ್ಟಕ ಬರೆದೆ. ಎದುರುಬದುರು ಎರಡು ಬಿರಿಯಾನಿ ಹೋಟೆಲು. ಇಬ್ಬರೂ ದರ ಹಾಗೇ ಇಟ್ಟರೆ ಲಾಭ ತಲಾ ಎಂಟು. ಒಬ್ಬನೇ ಇಳಿಸಿದರೆ ಅವನಿಗೆ ಹತ್ತು, ಇನ್ನೊಬ್ಬನಿಗೆ ಮೂರು. ಇಬ್ಬರೂ ಇಳಿಸಿದರೆ ತಲಾ ಐದು.

“ಎದುರಿನವನು ಇಳಿಸದಿದ್ದರೆ ನಿಮಗೆ ಎಂಟಕ್ಕಿಂತ ಹತ್ತು ವಾಸಿ. ಇಳಿಸಿದರೆ ಮೂರಕ್ಕಿಂತ ಐದು ವಾಸಿ. ಹೇಗಿದ್ದರೂ ಇಳಿಸೋದೇ ಲಾಭ.”

ರಾಯಚೂರಿನವನೊಬ್ಬ ಕೈ ಎತ್ತಿದ. “ಇಬ್ರೂ ಸುಮ್ಮನಿದ್ರ ಎಂಟೆಂಟು ಬರ್ತೈತಲ್ರಿ. ಮಾತಾಡಿ ಬಗಿಹರಿಸಿಕೊಳ್ಳಬಾರದೇನ್ರಿ?”

“ಅವರು ಮಾತಾಡೋ ಹಾಗಿಲ್ಲ.”

“ಯಾಕ್ರಿ, ಜಗಳ ಆಗೇತೇನ್ರಿ?”

ಉಳಿದ ಪೀರಿಯಡ್ಡೆಲ್ಲ ಆ ಜಗಳದ ಮೂಲ ಹುಡುಕೋದರಲ್ಲೇ ಕಳೀತು.

೨. ನಲ್ಲಿ ನೀರು

ಬಿಡಲಿಲ್ಲ. ತಾರ್ನಾಕದ ಮನೆಯಲ್ಲಿ ಗಂಡನ ಮೇಲೆ ಪ್ರಯೋಗಿಸಿದೆ. ನಮ್ಮಲ್ಲಿ ನಲ್ಲಿ ನೀರು ಬರೋದು ನಸುಕಿನಲ್ಲಿ. ಎದ್ದು ಹಿಡಿಯೋದು, ಮಲಗೇ ಇರೋದು, ಎರಡೇ ದಾರಿ.

ಅವರು ಯೋಚಿಸಿದರು. “ನೀ ಎದ್ರ ನಾ ಏಳೋದು ಬ್ಯಾಡ. ನೀನೂ ಏಳಲಿಲ್ಲಂದ್ರ?”

“ಇಬ್ಬರಿಗೂ ಸ್ನಾನ ಇಲ್ಲ.”

“ನನಗ ಸ್ನಾನಕ್ಕಿಂತ ನಿದ್ದಿ ಭಾಳ ಮುಖ್ಯ. ಅಂದ್ರ ನೀ ಏನರ ಮಾಡು, ನನಗ ಮಲಗೋದೇ ಲಾಭ. ಹೌದಲ್ಲ?”

ತರಗತಿಯಲ್ಲಿ ಯಾರೂ ಇಷ್ಟು ಬೇಗ ಹೇಳಿರಲಿಲ್ಲ. ಪೂರ್ತಿ ಮಾರ್ಕು ಕೊಟ್ಟು, ಬಕೆಟ್ ತಗೊಂಡು ನಾನೇ ಎದ್ದೆ.

೩. ಇಬ್ಬರು ಗೆಳತಿಯರು

ಕಡೆಗೆ ಅವಕಾಶ ತಾನಾಗೇ ಬಂತು. ಬೀದರಿನವಳೊಬ್ಬಳು, ಮೈಸೂರಿನವಳೊಬ್ಬಳು, ಹಾಸ್ಟೆಲಿನಲ್ಲಿ ಒಂದೇ ರೂಮು. ಟೆಸ್ಟಿನಲ್ಲಿ ಇಬ್ಬರದೂ ಒಂದೇ ಉತ್ತರ, ತಪ್ಪೂ ಒಂದೇ. ಸೆಂಟರಿನ ಮಾಲೀಕರು ಇಬ್ಬರನ್ನೂ ಬ್ಯಾಚಿನಿಂದ ತೆಗೀತೀನಿ ಅಂತ ಕೂತರು. “ನನಗೆ ಬಿಡಿ” ಅಂದೆ.

ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಷರತ್ತು ಹೇಳಿದೆ. ನೀನು ಒಪ್ಪಿಕೊಂಡು ಅವಳು ಒಪ್ಪದಿದ್ದರೆ ನಿನಗೆ ಶಿಕ್ಷೆ ಇಲ್ಲ, ಅವಳಿಗೆ ಬಿಡಿಸೋಕೆ ಹತ್ತು ಲೆಕ್ಕ. ಇಬ್ಬರೂ ಒಪ್ಪಿದರೆ ಐದೈದು. ಇಬ್ಬರೂ ಬಾಯಿ ಬಿಡದಿದ್ದರೆ ಎರಡೆರಡು. ಪಾಠದ ಪ್ರಕಾರ ಒಪ್ಪಿಕೊಳ್ಳೋದೇ ಪ್ರಬಲ ತಂತ್ರ.

ಬೀದರಿನವಳು ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಕೊಂಡಳು. “ನಾನೇ ಕಾಪಿ ಹೊಡದೀನ್ರಿ. ಆಕಿದೇನೂ ತಪ್ಪಿಲ್ರಿ, ಆ ಹತ್ತು ಲೆಕ್ಕಾನೂ ನನಗೇ ಕೊಡ್ರಿ.”

ಪಕ್ಕದ ಕೋಣೆಗೆ ಹೋದೆ. ಮೈಸೂರಿನವಳೂ ಒಪ್ಪಿಕೊಂಡಳು. “ನಾನೇ ಮೇಡಂ ನೋಡಿ ಬರೆದಿದ್ದು. ಅವಳನ್ನ ಬಿಟ್ಬಿಡಿ, ಎಲ್ಲಾ ಶಿಕ್ಷೆ ನನಗೇ ಇರಲಿ.”

ಉತ್ತರ ಸರಿ, ವಿಧಾನ ಪೂರ್ತಿ ಉಲ್ಟಾ. ಸ್ವಂತ ಲಾಭ ನೋಡಿಕೊಳ್ಳಿ ಅಂತ ಒಂದು ತಿಂಗಳು ಗಂಟಲು ಹರಿದುಕೊಂಡಿದ್ದೆ! ಬೈಯೋಕೆ ಮನಸ್ಸು ಬರಲಿಲ್ಲ. ಆದರೂ ನಿಯಮ ನಿಯಮವೇ. ಇಬ್ಬರನ್ನೂ ಕರೆದು ನಿಲ್ಲಿಸಿ, ಮುಖ ಬಿಗಿ ಮಾಡಿಕೊಂಡು ತೀರ್ಪು ಕೊಟ್ಟೆ. “ತಲಾ ಐದು ಲೆಕ್ಕ, ನಾಳೆ ಬೆಳಿಗ್ಗೆಯೊಳಗೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೇ ಕೇಳಿದರು.

“ಮೇಡಂ, ಜೊತೆಗೆ ಕೂತು ಮಾಡಬಹುದಾ?”