ಹೆಸರಿಲ್ಲದ ಪದಬಂಧ

ಸುಮ್ಮನೆ ಗಡ್ಡ ಬೋಳಿಸಿಕೊಂಡು ಎದ್ದು ಬಂದಿದ್ದರೆ ಯೋಗಾನಂದರ ಮಾನ ಉಳಿಯುತ್ತಿತ್ತು. ಬಾಯಿ ಕೇಳಬೇಕಲ್ಲ!

ಆರ್.ಟಿ. ನಗರದ ಖುದ್ದೂಸನ ಸಲೂನಿನಲ್ಲಿ ಭಾನುವಾರ ಒಂದೇ ಪೇಪರು, ಅದರ ಪದಬಂಧಕ್ಕೆ ದಾರ ಕಟ್ಟಿದ ಒಂದೇ ಪೆನ್ನು. ಸರದಿಗೆ ಕಾಯುವವರೆಲ್ಲ ಸೇರಿ ಪದಬಂಧದ ಮನೆ ತುಂಬುತ್ತಿದ್ದರು. ಆ ಪದಬಂಧವನ್ನು ಏಳು ವರ್ಷದಿಂದ ಹೆಣೆಯುತ್ತಿದ್ದವರು ಇದೇ ಯೋಗಾನಂದ, ಬಸ್ ಡಿಪೋದ ಗುಮಾಸ್ತ. ಆದರೆ ಸಲೂನಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹೆಸರು ಹಾಕಿ ಎಂದರೆ ಸಂಪಾದಕ ಮಹೇಂದ್ರ, "ಜಾಗ ಇಲ್ಲ ಸಾರ್" ಅನ್ನುತ್ತಿದ್ದ. ಮೂಲವ್ಯಾಧಿ ಔಷಧದ ಜಾಹೀರಾತಿಗೆ ಮಾತ್ರ ಅರ್ಧ ಪುಟ ಜಾಗವಿತ್ತು. ಹೆಂಡತಿ ಸರಳಾ ಕೂಡ, "ಎಲ್ಲಿ, ನಿಮ್ಮ ಹೆಸರು ತೋರಿಸಿ ನೋಡೋಣ" ಎಂದು ಚುಚ್ಚುತ್ತಿದ್ದಳು. ಒಂದೇ ಒಂದು ಸಲ ಅಚ್ಚಿನಲ್ಲಿ ತನ್ನ ಹೆಸರು ಕಂಡರೆ ಸಾಕು ಎಂದು ಪಾಪ, ಯೋಗಾನಂದರ ಜೀವ ಹಂಬಲಿಸುತ್ತಿತ್ತು.

ಅವತ್ತು ಸಲೂನಿನವರೆಲ್ಲ ಒಂದೇ ಸುಳಿವಿಗೆ ಸಿಕ್ಕಿಬಿದ್ದಿದ್ದರು: 'ಕರೆಯದೆ ಬರುವ, ಕಳಿಸಿದರೂ ಹೋಗದ ನೆಂಟ.' ಮೂರು ಮನೆ, ನಡುವೆ 'ಡ'.

"ಅಳಿಯ ಅಂತ ಬರೀರಿ" ಎಂದರು ಪಕ್ಕದ ಬೀದಿಯ ಶ್ರೀರಾಮಪ್ಪ. ಯುಗಾದಿಗೆ ಬಂದ ಅವರ ಅಳಿಯ ದಸರಾ ಮುಗಿದರೂ ಹೊರಟಿರಲಿಲ್ಲ.

"ಡ ಬರ್ಬೇಕಲ್ಲ ಸಾರ್" ಎಂದ ಖುದ್ದೂಸ್, ಯೋಗಾನಂದರ ಕೆನ್ನೆಗೆ ನೊರೆ ಬಳಿಯುತ್ತ. "ಇದನ್ನ ಬರೆದೋನಿಗೆ ತಲೆ ನೆಟ್ಟಗಿಲ್ಲ ಬಿಡಿ."

ಯೋಗಾನಂದರಿಗೆ ತಡೆಯಲಾಗಲಿಲ್ಲ. "ಬರೆದೋನು ನಾನೇ ಕಣಯ್ಯಾ!"

"ಹೌದಾ? ಹಂಗಾದ್ರೆ ಉತ್ತರ ಹೇಳಿ" ಎಂದರು ಶ್ರೀರಾಮಪ್ಪ.

ಆರು ತಿಂಗಳ ಪದಬಂಧ ಒಟ್ಟಿಗೆ ಕಳಿಸಿದ್ದ ಮಹಾನುಭಾವರಿಗೆ ಹಾಳಾದ್ದು ಉತ್ತರವೇ ಮರೆತುಹೋಗಿತ್ತು. "ಇಲ್ಲೇ... ನಾಲಿಗೆ ತುದೀಲೇ ಇದೆ..."

"ನಾಳೆ ವಿಧಾನಸೌಧಾನೂ ನಾನೇ ಕಟ್ಟಿದ್ದು ಅಂತೀರಾ ಸಾರ್!" ಎಂದ ಖುದ್ದೂಸ್. ಸಲೂನಿಗೆ ಸಲೂನೇ ನಕ್ಕಿತು.

ಅವಮಾನಕ್ಕೆ ಯೋಗಾನಂದರ ಕಣ್ಣಲ್ಲಿ ನೀರು ಬಂತು. ಆ ನೊರೆ ಮುಖದಲ್ಲೇ ಮಹೇಂದ್ರನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. "ಸಾರ್, ಪದಬಂಧ ಮಾಡೋದು ಯಾರು ಅಂತ ಇವರಿಗೆ ಸ್ವಲ್ಪ ಹೇಳಿ."

"ನೀವೇ ಅಲ್ವೇನ್ರೀ! ನಿಮ್ಮ ದೆಸೆಯಿಂದ ಬೆಳಗ್ಗೆಯಿಂದ ಓದುಗರ ಹತ್ರ ಉಗಿಸ್ಕೋತಾ ಇದೀನಿ. ಉತ್ತರ 'ಬಡತನ', ನಾಲ್ಕಕ್ಷರ. ನೀವು ಕೊಟ್ಟಿರೋದು ಮೂರು ಮನೆ!"

ಈಗ ಯಾರೂ ನಗಲಿಲ್ಲ. ಎಲ್ಲರೂ ನಂಬಿದ್ದರು, ಅದೇ ಕುತ್ತಾಯಿತು.

"ಓಹೋ, ಆ ಪುಣ್ಯಾತ್ಮ ನೀವೇನಾ? ಇಷ್ಟು ದಿನ ಯಾರನ್ನ ಬಯ್ಯೋದು ಅಂತಾನೇ ಗೊತ್ತಿರ್ಲಿಲ್ಲ!" ಎಂದು ಶ್ರೀರಾಮಪ್ಪ ಎದ್ದು ನಿಂತರು. ಏಳು ವರ್ಷದ ಸಿಟ್ಟೆಲ್ಲ ಒಬ್ಬೊಬ್ಬರ ಬಾಯಲ್ಲೂ ಬಂತು. ಯೋಗಾನಂದರು ಗಡ್ಡ ಬೋಳಿಸಿಕೊಳ್ಳದೆ, ಟವೆಲಿನ ಸಮೇತ ಮನೆ ಸೇರಿದರು.

ಮುಂದಿನ ಭಾನುವಾರ ಸರಳಾ ಪೇಪರು ಹಿಡಿದು ಓಡಿಬಂದಳು. "ರೀ, ನಿಮ್ಮ ಹೆಸರು ಬಂದಿದೆ ಕಣ್ರೀ, ದಪ್ಪ ಅಕ್ಷರದಲ್ಲಿ! ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿಬಿಟ್ಟೆ. ಕನ್ನಡಕ ಸಿಕ್ಕಲಿಲ್ಲ, ಕೆಳಗಡೆ ಸಣ್ಣ ಅಕ್ಷರ ನೀವೇ ಓದಿ."

ಯೋಗಾನಂದರು ಪೇಪರು ತೆಗೆದುಕೊಂಡರು. ಹೆಸರು ನಿಜವಾಗಿಯೂ ದಪ್ಪಗಿತ್ತು. ಅದರ ಕೆಳಗೆ ಹೀಗಿತ್ತು: 'ಕಳೆದ ವಾರದ ಪದಬಂಧದ ತಪ್ಪಿಗೆ ಇವರೇ ಹೊಣೆ. ಇಂದಿನಿಂದ ಪದಬಂಧವನ್ನು ಬೇರೆಯವರು ರಚಿಸುತ್ತಾರೆ.'